ಬೆನ್ನು ತಿರುಗಿಸಿದ ಮೆರವಣಿಗೆ

ಸೀರೆಗೆ ಗಂಜಿ ಹಾಕುವುದು ನನಗೆ ಗೊತ್ತಿತ್ತು. ಚಿತ್ರಕ್ಕೆ ಗಂಜಿ ಹಾಕುವುದು ಗೊತ್ತಿರಲಿಲ್ಲ. ಆ ಬೇಸಿಗೆಯಲ್ಲಿ ಅದನ್ನೂ ಕಲಿಯಬೇಕಾಯಿತು.

ನಮ್ಮ ಮನೆಯವರು ಕಲಬುರಗಿಯ ಬಟ್ಟೆ ಗಿರಣಿಯಲ್ಲಿ ಮಗ್ಗದ ಖಾತೆಯಲ್ಲಿದ್ದರು. ನಿಜಾಮನನ್ನು ಇಳಿಸಿದ ಪೊಲೀಸ್ ಆಕ್ಷನ್ ಆಗಿ ಕೆಲವು ವರ್ಷ ಕಳೆದಿದ್ದವು. ರಜಾಕಾರರ ಅಂಜಿಕೆ ಹೋಗಿ ಮಿಲಿಟರಿಯವರ ಅಂಜಿಕೆ ಬಂದು, ಅದೂ ಹೋಗಿ, ಮತ ಹಾಕುವ ದಿನವೂ ಬಂದು ಹೋಗಿತ್ತು. ಹಿಂದಿನ ವರ್ಷ ಮೇ ತಿಂಗಳ ಮೊದಲ ದಿನ, ಮಜೂರರ ಹಬ್ಬ ಅಂತ ಹೇಳಿ, ಗಿರಣಿಯ ಗಂಡಸರು ಹೆಂಗಸರು ಕೆಂಪು ಬಾವುಟ ಹಿಡಿದು ಹಾಡಹಗಲು ಗಂಜ್ ಬಜಾರದ ತನಕ ನಡೆದು ಹೋಗಿ ಬಂದಿದ್ದರು. ಯಾರೂ ಹಿಡಿಯಲಿಲ್ಲ, ಯಾರೂ ಹೊಡೆಯಲಿಲ್ಲ. ಆ ಮೆರವಣಿಗೆಯ ಒಂದು ದೊಡ್ಡ ಚಿತ್ರ ಬರೆಸಬೇಕು, ಈ ವರ್ಷ ಅದನ್ನು ಬಂಡಿಯ ಮೇಲೆ ನಿಲ್ಲಿಸಿ ಮುಂದೆ ಒಯ್ಯಬೇಕು, ಆಮೇಲೆ ಸಂಘದ ಕೋಣೆಯ ಗೋಡೆಗೆ ಹಾಕಬೇಕು ಎಂದು ಮಜೂರ ಸಂಘದವರು ಠರಾವು ಮಾಡಿದರು. ಅಷ್ಟು ಉದ್ದದ ಖಾಲಿ ಗೋಡೆ ಇದ್ದದ್ದು ನಮ್ಮ ಅಂಗಳದಲ್ಲಿ. ಮನೆಯವರು ಹೂಂ ಅಂದು ಬಂದ ಮೇಲೆ ನನ್ನನ್ನು ಕೇಳಿದರು. ಕೇಳಿದರಲ್ಲ, ಅದೇ ಪುಣ್ಯ ಅಂದುಕೊಂಡೆ.

ಚಿತ್ರಗಾರ ಹೈದರಾಬಾದಿನವನು. ಮನೆಯವರಿಗೆ ಅವನ ಗುರುತಾದದ್ದು ಜೈಲಿನಲ್ಲಿ. ಮನೆಯವರು ಜೈಲಿಗೆ ಹೋದದ್ದು ಹೇಗೆಂದು ಇಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಅದರ ಮೇಲೆಯೇ ನಿಂತಿದೆ. ಸರಕಾರ ಸಂಘವನ್ನು ನಿಷೇಧಿಸಿ ಬಂದಿ ಹಾಕಿದ್ದ ಕಾಲದಲ್ಲಿ ಇವರೆಲ್ಲ ಪಾಳಿ ಮುಗಿಸಿ, ತೊಳೆದ ಅಂಗಿ ತೊಟ್ಟು, ಸಾಲಾಗಿ ನಿಂತು ಒಂದು ಫೋಟೋ ತೆಗೆಸಿಕೊಂಡಿದ್ದರು. ಹೌಸೆಗೆ ತೆಗೆಸಿದ್ದು. ಆ ಫೋಟೋ ಪೊಲೀಸರ ಕೈಗೆ ಸಿಕ್ಕಿತು. ಗಿರಣಿಯ ಬಾಗಿಲಲ್ಲಿ ಅದನ್ನು ಹಿಡಿದು ನಿಂತು, ಒಂದೊಂದೇ ಮುಖ ನೋಡಿ, ಕೊರಳಪಟ್ಟಿ ಹಿಡಿದು ಬದಿಗೆ ಎಳೆದರು. ಮನೆಯವರು ನಡುಸಾಲಿನಲ್ಲಿ ನಗುತ್ತ ನಿಂತಿದ್ದರು ಅದರಲ್ಲಿ. ಅವರು ಮನೆಗೆ ಬರುವಷ್ಟರಲ್ಲಿ ಎರಡು ಸಂಕ್ರಾಂತಿ ಹೋಗಿದ್ದವು.

ಚಿತ್ರಗಾರನ ಮಾತು ಅರ್ಧ ಕನ್ನಡ, ಅರ್ಧ ಉರ್ದು. ತೆಳ್ಳಗಿನ ಆಳು, ಬೆರಳು ಮಾತ್ರ ಉದ್ದ. ಬಂದ ದಿನವೇ ನನ್ನನ್ನು ಅಕ್ಕಾ ಅಂದ. ಮುಸಲ್ಮಾನನೆಂಬುದು ನನಗೆ ಚಿಂತೆಯಾಗಲಿಲ್ಲ. ನಮಾಜೂ ಮಾಡುವುದಿಲ್ಲವೆಂಬುದು ಚಿಂತೆಯಾಯಿತು.

"ಅಲ್ರಿ, ನಮ್ಮ ದೇವರಿಗೆ ಬ್ಯಾಡ, ನಿಮ್ಮ ದೇವರಿಗಾದ್ರೂ ಕೈ ಎತ್ತಬಾರದೇನ್ರಿ?" ಎಂದು ಕೇಳಿದೆ.

"ನೀವು ಎರಡೂ ಹೊತ್ತು ಲಿಂಗಪೂಜಿ ಮಾಡ್ತೀರಿ ಅಕ್ಕಾ. ಅದರಾಗ ನನ್ನ ಹಿಸ್ಸಾನೂ ಹಾಕ್ರಿ. ಬಸ್," ಅಂದ.

ಅವತ್ತಿನಿಂದ ಲಿಂಗಕ್ಕೆ ಅವನ ಪಾಲಿನದೂ ಒಂದು ಪತ್ರಿ ಏರಿಸತೊಡಗಿದೆ.

ಮೊದಲ ಕೆಲಸ ಬಟ್ಟೆಯದು. ಗಿರಣಿಯಲ್ಲೇ ನೇಯ್ದ ದಪ್ಪ ಮಂಜರಪಾಟು ತಂದರು. ಅಗಲ ಸಾಲದೆ ಎರಡು ಪನ್ನ ಜೋಡಿಸಬೇಕಾಯಿತು. ಹೊಲಿಗೆ ಕಾಣಬಾರದು, ಉಬ್ಬಬಾರದು ಅಂದ. ಅಂಚು ಅಂಚಿಗೆ ತಾಗಿಸಿ, ಕೌದಿ ಹೊಲಿಯುವ ಸೂಜಿ ಬಿಟ್ಟು ಸಣ್ಣ ಸೂಜಿಯಲ್ಲಿ, ಇರುವೆ ನಡೆದ ಹಾಗೆ ಹೊಲಿದುಕೊಟ್ಟೆ. ಬೆರಳು ಆಡಿಸಿ ನೋಡಿ "ವಾಹ್" ಅಂದ. ಆಮೇಲೆ ಕಟ್ಟಿಗೆಯ ಚೌಕಟ್ಟಿಗೆ ಬಿಗಿದು ಗೋಡೆಗೆ ಆನಿಸಿದರು.

ಬಟ್ಟೆಗೆ ಹಾಗೇ ಬಣ್ಣ ಹಚ್ಚಿದರೆ ಕುಡಿದುಬಿಡುತ್ತದೆ. ಅದಕ್ಕೆ ಮೊದಲು ಅಂಟು ಹಚ್ಚಿ, ಅದರ ಮೇಲೆ ಬಿಳಿ ಲೇಪ ಕೊಡಬೇಕು. ಹೈದರಾಬಾದಿನಲ್ಲಾದರೆ ಅಂಗಡಿಯಲ್ಲಿ ಸರೇಸೆಂಬ ಅಂಟು ಸಿಗುತ್ತದಂತೆ. ಅದು ದನದ ಚರ್ಮದ್ದು ಎಂದು ಕೇಳಿದ ಮೇಲೆ ನನ್ನ ಅಂಗಳದಲ್ಲಿ ಬೇಡ ಅಂದೆ. ಹುಣಸೆ ಬೀಜದ ಅಂಟು ಆದೀತು ಅಂದ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ರುಬ್ಬಿ, ನೀರು ಹಾಕಿ ಕುದಿಸಿದೆ. ಅಂಬಲಿಯಂತೆ ಆಯಿತು. ಅದಕ್ಕೆ ಸುಣ್ಣದ ಬಿಳಿಪುಡಿ ಕಲಸಿ ಇಬ್ಬರೂ ಸೇರಿ ಹಚ್ಚಿದೆವು.

ಕಲಬುರಗಿಯ ಬಿಸಿಲು ನಿಮಗೆ ಗೊತ್ತಿದೆ. ಮಧ್ಯಾಹ್ನದೊಳಗೆ ಅಷ್ಟೂ ಲೇಪ ಒಣಗಿ, ಹಪ್ಪಳದ ಹಾಗೆ ಎದ್ದು, ಚಟ್ ಚಟ್ ಎಂದು ಸಿಡಿಯಿತು. ಇಡೀ ಬಟ್ಟೆ ಬಿಚ್ಚಿ ತೊಳೆದು ಮತ್ತೆ ಬಿಗಿದೆವು. ಅಂಟು ಒಣಗಿದರೂ ಸ್ವಲ್ಪ ಮೆತ್ತಗಿರಬೇಕು, ಅದಕ್ಕೆ ಏನಾದರೂ ಬೆರೆಸಬೇಕು ಎಂದು ಅವನು ತಲೆ ಕೆರೆದುಕೊಂಡ. ಹೋಳಿಗೆಯ ಹೂರಣ ಬೆಲ್ಲದಿಂದ ಮೆತ್ತಗಿರುವುದಿಲ್ಲವೇ, ಹಾಗೆ ಬೆಲ್ಲದ ನೀರು ಬಿಡೋಣ ಅಂದೆ. ಅವನಿಗೂ ಸರಿ ಅನ್ನಿಸಿತು. ಲೇಪ ಚೆಂದಾಗಿ ಕೂತಿತು, ಸಿಡಿಯಲಿಲ್ಲ. ಮರುದಿನ ಬೆಳಿಗ್ಗೆ ನೋಡಿದರೆ ಬಟ್ಟೆಯ ಈ ತುದಿಯಿಂದ ಆ ತುದಿಗೆ ಇರುವೆ. ಕೆಂಪಿರುವೆ.

ಚಿತ್ರಗಾರ ಸೊಂಟದ ಮೇಲೆ ಕೈಯಿಟ್ಟು ನಿಂತು ಹೇಳಿದ: "ಅಕ್ಕಾ, ನಮ್ಮಕಿಂತ ಮೊದಲ ಇವರೇ ಜುಲೂಸ್ ತಗದಾರ. ನೋಡ್ರಿ, ಎಲ್ಲಾರೂ ಲಾಲ್!"

ನಗುತ್ತಲೇ ಮತ್ತೆ ತೊಳೆದೆವು. ಮೂರನೆಯ ಸಲ ಬೆಲ್ಲ ಬಿಟ್ಟು ಅಗಸೆ ಎಣ್ಣೆ ಹಾಕಿದೆವು. ಬಿಸಿ ಅಂಟಿಗೆ ಎಣ್ಣೆಯನ್ನು ಹನಿ ಹನಿಯಾಗಿ ಬಿಟ್ಟು, ಮಜ್ಜಿಗೆ ಕಡೆಯುವ ಹಾಗೆ ಕೈ ಬಿಡದೆ ಕಡೆದರೆ ಎರಡೂ ಕೂಡಿಕೊಳ್ಳುತ್ತವೆ. ಆ ಲೇಪ ನಿಂತಿತು. ಉಗುರಿನಿಂದ ಕೆರೆದರೂ ಏಳಲಿಲ್ಲ. ಆ ಸಂಜೆ, ಊರವರೆಲ್ಲ ಅಪ್ಪ ಅನ್ನುವ ಶರಣರ ಗುಡಿಗೆ ಹೋಗಿ ಎಣ್ಣೆ ದೀಪ ಹಚ್ಚಿ ಬಂದೆ. ಅದೇ ಎಣ್ಣೆಯಲ್ಲಿ ಉಳಿದದ್ದು.

ಬಣ್ಣಗಳಲ್ಲಿ ಅರ್ಧ ನನ್ನ ಮನೆಯೊಳಗಿಂದಲೇ ಹೋದವು. ಅಂಗಿಗೆ ಹಾಕುವ ನೀಲಿ ಆಕಾಶವಾಯಿತು. ದೀಪದ ಮೇಲೆ ತಾಟು ಕವುಚಿ ಹಿಡಿದ ಕಪ್ಪು, ತಲೆಗೂದಲು ಮೀಸೆಗೆ. ದೇವರ ದೀಪದ ಕಪ್ಪು ಮಜೂರರ ಮೀಸೆಯಾದರೆ ದೇವರಿಗೆ ಬೇಸರವಾದೀತೇ ಎಂದು ಒಂದು ಗಳಿಗೆ ಯೋಚಿಸಿದೆ. ಅಂಥ ಸಣ್ಣ ಮನಸ್ಸು ಅವನದಲ್ಲ ಎಂದು ಕೊಟ್ಟೆ. ಕೆಂಪು ಮಾತ್ರ ಸಾಲಲಿಲ್ಲ. ಹೈದರಾಬಾದಿನಿಂದ ತಂದ ಡಬ್ಬಿ ಬಾವುಟಗಳಿಗೇ ಮುಗಿಯುವಂತಿತ್ತು. ರಸ್ತೆಯ ಧೂಳು, ಇಟ್ಟಿಗೆಯ ಗೋಡೆ, ಮನುಷ್ಯರ ಚರ್ಮ ಎಲ್ಲದಕ್ಕೂ ಕೆಂಪು ಬೇಕು. ಕೆಮ್ಮಣ್ಣಾದರೆ ಕಮಲಾಪುರದ ಕಡೆ ಬೇಕಾದಷ್ಟಿದೆ, ಅದು ನನ್ನ ತವರು, ತಂದುಕೊಡುತ್ತೇನೆ ಅಂದೆ.

ಮೋಟಾರಿನಲ್ಲಿ ಹೋದೆ. ಮಹಾಗಾಂವ ದಾಟುವವರೆಗೆ ಕರಿ ನೆಲ, ಆಮೇಲೆ ನಿಧಾನವಾಗಿ ಕೆಂಪೇರುತ್ತದೆ. ಅಣ್ಣ ಬಾಳೆ ತೋಟದಲ್ಲಿದ್ದ. ಕಮಲಾಪುರದ ಕೆಂಪು ಬಾಳೆ ಅವನ ಜೀವ. ನಾನು ಚೀಲ ಹಿಡಿದು ಬಂದದ್ದು ನೋಡಿ, "ತವರಿಗೆ ಬಂದವ್ರು ಸೀರಿ ಕುಬಸ ಒಯ್ತಾರ, ನೀ ಮಣ್ಣು ಒಯ್ಯಾಕ ಬಂದೀಯೇನ ಹುಚ್ಚಿ?" ಅಂದ. ಅಂದರೂ ಸನಿಕೆ ತೆಗೆದುಕೊಂಡು ದಿಬ್ಬಕ್ಕೆ ಬಂದು, ಕಲ್ಲಿಲ್ಲದ ಪದರು ನೋಡಿ ಅಗೆದುಕೊಟ್ಟ. ಮಣ್ಣು ಯಾತಕ್ಕೆಂದು ಹೇಳಿದ್ದೆ. ಚೀಲ ಕಟ್ಟುವಾಗ ತಲೆ ಎತ್ತದೆ ಕೇಳಿದ:

"ಆ ಚಿತ್ರದಾಗ ನಿಮ್ಮನಿಯವ್ರ ಮುಖ ಇರ್ತದೇನು?"

ನಾನು ಕಟ್ಟಲು ಹಗ್ಗ ಕೊಟ್ಟೆ.

"ಮೆರವಣಿಗಿ ಚಿತ್ರ ಅಂದ್ರ ಮಂದಿ ಇರ್ತಾರ. ಮಂದಿ ಅಂದ್ರ ಮುಖ ಇರ್ತಾವ. ಒಂದು ಫೋಟೋದಾಗ ನಕ್ಕದ್ದಕ್ಕೇ ಏನಾತು ನೋಡೀದಿ. ಅದು ಅಂಗೈ ಅಗಲ ಇತ್ತು. ಇದು ಗ್ವಾಡಿ ಅಗಲ ಅದ."

ಹೋಗುವಾಗ ಹಗುರಾಗಿದ್ದ ಹಾದಿ ಬರುವಾಗ ಭಾರವಾಯಿತು. ಚೀಲದ ಭಾರ ಬೇರೆ. ಮನೆಗೆ ಬಂದು ಮಣ್ಣನ್ನು ಕುಟ್ಟಿ, ಜರಡಿ ಹಿಡಿದು, ಕೊಡದ ನೀರಿನಲ್ಲಿ ಕದಡಿ, ಒರಟು ಮಣ್ಣು ತಳಕ್ಕೆ ಕೂತ ಮೇಲೆ ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಕೊಡಕ್ಕೆ ಬಸಿದೆ. ಹಾಗೆ ಬಸಿದು ಬಸಿದು ಕೊನೆಗೆ ಉಳಿಯುವುದು ಬೆಣ್ಣೆಯಂಥ ಮಣ್ಣು. ಒಣಗಿಸಿ ಎಣ್ಣೆಯಲ್ಲಿ ಅರೆದರೆ ಬಣ್ಣ. ಕೈ ಕೆಲಸ ಮಾಡುತ್ತಿತ್ತು, ಕಣ್ಣು ಗೋಡೆಯ ಕಡೆಗಿತ್ತು. ನಾನಿಲ್ಲದಾಗ ಚಿತ್ರಗಾರ ಇದ್ದಲಿನಲ್ಲಿ ಗೆರೆ ಎಳೆದು, ತೆಳ್ಳಗೆ ಬಣ್ಣವನ್ನೂ ಹಚ್ಚಲು ಶುರು ಮಾಡಿದ್ದ. ಮೆರವಣಿಗೆ ನಮ್ಮ ಕಡೆಗೇ ನಡೆದು ಬರುತ್ತಿತ್ತು. ಮುಂದಿನ ಸಾಲಿನಲ್ಲಿ ಮನೆಯವರು. ಕನ್ನಡಿಯಲ್ಲಿ ನೋಡಿದ ಹಾಗೆ. ಎಡ ಹುಬ್ಬಿನ ಗಾಯವನ್ನೂ ಬಿಟ್ಟಿರಲಿಲ್ಲ.

ಬಹಳ ಚೆಂದ ಬರೆದಿದ್ದ. ಅದೇ ನನಗೆ ಅಂಜಿಕೆಯಾಯಿತು.

ನಾನು ಹೇಳುವುದಕ್ಕಿಂತ ಮೊದಲೇ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದರು. ಬೆಂಕಿ ಕೇಳುವ ನೆಪ, ಮೊಸರು ಕೇಳುವ ನೆಪ. ನೆರೆಮನೆಯಾಕೆ ಗಿರಣಿಯಲ್ಲಿ ನೂಲು ಸುತ್ತುವವಳು, ಗಂಡನಿಲ್ಲದ ಹಿರಿಯಳು, ಬಾಯಿ ಜೋರು. ಆಕೆಯೇ ಮೊದಲು ಬಾಯಿ ಬಿಟ್ಟಳು: "ಏ ಚಿತ್ರದ ಸಾಬ, ಆ ಹಿಂದಿನ ಸಾಲಿನಾಗ ನನ್ನ ತಮ್ಮ ನಡದಾನಲ್ಲ, ಅವನ ಮೂಗು ಜರಾ ಸೊಟ್ಟ ಮಾಡು. ಸರಕಾರಕ್ಕ ಅವನ ಮೂಗು ಬಾಳ ಗುರ್ತದ."

ಇನ್ನೊಬ್ಬಳು ತನ್ನ ಗಂಡನಿಗೆ ಗಡ್ಡ ಹಚ್ಚಿಸಿದಳು. ಮತ್ತೊಬ್ಬಳು ತಲೆಯ ಪಟಗ ಹಣೆಯ ತನಕ ಇಳಿಸಿ ಅಂದಳು. ನಾನೂ ಮನೆಯವರ ಹುಬ್ಬಿನ ಗಾಯ ಅಳಿಸಿ ಅಂದೆ. ಅವನು ಬೇಡ ಅನ್ನಲಿಲ್ಲ. ಎಲ್ಲರ ಮುಖ ತಿದ್ದಿದ. ತಿದ್ದಿ ಮುಗಿಸಿದ ಮೇಲೆ ನೋಡಿದರೆ ಯಾವ ಊರಿನವರೋ ಮಂದಿ ನಮ್ಮ ಬಾವುಟ ಹಿಡಿದು ಬರುತ್ತಿದ್ದರು. ಅದೇ ಹೆಂಗಸರು ಮರುದಿನ ಬಂದು ನಿಂತು ಮೋರೆ ಸಣ್ಣ ಮಾಡಿದರು.

"ನಮ್ಮವರು ಇಲ್ಲೇ ಇಲ್ಲಲ್ರಿ ಇದರಾಗ," ಅಂದಳು ಗಡ್ಡ ಹಚ್ಚಿಸಿದವಳು.

"ನೀವೇ ತೆಗಸಿದಿರಿ ಅಕ್ಕಾ," ಅಂದ ಚಿತ್ರಗಾರ.

"ಗುರ್ತ ಸಿಗಬಾರದು ಅಂದ್ವಿ. ಇರಬಾರದು ಅಂದ್ವೇನು?"

ಅವನು ಕುಂಚ ತೊಳೆದಿಟ್ಟು, ಚಿತ್ರಕ್ಕೆ ನನ್ನ ಹಳೆಯ ಕೌದಿ ಹೊದಿಸಿ, ಕಟ್ಟೆಯ ಮೇಲೆ ಮಲಗಿಬಿಟ್ಟ. ರೊಟ್ಟಿಯನ್ನೂ ಮುಟ್ಟಲಿಲ್ಲ. ಪಾಳಿ ಮುಗಿಸಿ ಬಂದ ಮನೆಯವರಿಗೆ ಸಿಟ್ಟು ಬಂತು, ಅವನ ಮೇಲಲ್ಲ, ನನ್ನ ಮೇಲೆ.

"ನನ್ನ ಮುಖ ಮೊದಲ ಹ್ಯಾಂಗಿತ್ತು ಹಂಗೇ ಇರ್ಲಿ," ಅಂದರು. "ಈಗ ಸಂಘಕ್ಕ ಬಂದಿ ಇಲ್ಲ. ನಾ ಕಳ್ಳತನ ಮಾಡಿಲ್ಲ. ಎಷ್ಟ ದಿನ ಅಂಜೋದು?"

"ಬಂದಿ ಇವತ್ತಿಲ್ಲ. ನಾಳಿನದು ನಿಮಗೇನ ಗೊತ್ತು? ಆ ಫೋಟೋ ತೆಗಸಿದ ದಿನಾನೂ ನೀವು ಹಿಂಗೇ ಅಂದಿದ್ರಿ."

"ಮುಖ ಇಲ್ಲದ ಮಂದಿನ ಮೆರವಣಿಗಿ ಅನ್ನಾಕ ಆಗ್ತದೇನು? ಹಂಗಿದ್ರ ಚಿತ್ರ ಯಾಕ ಬೇಕು?"

ಅವರ ಮಾತು ತಪ್ಪಲ್ಲ. ನನ್ನ ಅಂಜಿಕೆಯೂ ತಪ್ಪಲ್ಲ. ಇವರು ಇನ್ನೊಂದು ಸಲ ಜೈಲಿಗೆ ಹೋದರೆ ತಿರುಗಿ ಬರುವಷ್ಟು ಕಸುವು ಅವರ ಮೈಯಲ್ಲಿ ಉಳಿದಿರಲಿಲ್ಲ; ಅದು ಅವರಿಗೆ ಗೊತ್ತಿರಲಿಲ್ಲ, ಅವರ ಅಂಗಿ ಒಗೆಯುವವಳಿಗೆ ಗೊತ್ತಿತ್ತು. ಅಂಗಿಯ ಅಗಲ ಹಿಂದಿನದೇ, ಒಳಗಿನ ಮನುಷ್ಯ ಅರ್ಧ. ಆ ದಿನ ಪೂಜೆಯಲ್ಲಿ ಏನು ಬೇಡಬೇಕೆಂದೇ ತಿಳಿಯದೆ ಸುಮ್ಮನೆ ಕೂತೆ. ಬೇಡದೆ ಇದ್ದಾಗಲೂ ದೇವರು ಕೇಳಿಸಿಕೊಳ್ಳುತ್ತಾನೆ ಎಂಬುದು ನನ್ನ ಅನುಭವ.

ಮರುದಿನ ಮಧ್ಯಾಹ್ನದ ಪಾಳಿಗೆ ಗಿರಣಿಯ ಭೋಂಗಾ ಕೂಗಿತು. ಗಂಡಸರು ಬುತ್ತಿ ಹಿಡಿದು ಓಣಿಗಿಳಿದರು. ಎಂದಿನಂತೆ ನಾವು ಹೆಂಗಸರು ಹೊಸ್ತಿಲಲ್ಲಿ ನಿಂತೆವು. ಚಿತ್ರಗಾರ ಗಾಳಿಗೆಂದು ನಮ್ಮ ಬಾಗಿಲ ಪಕ್ಕದಲ್ಲೇ ಕೂತಿದ್ದ.

"ಅಕ್ಕಾ, ದಿನಾ ಹಿಂಗ ನಿಂತು ಏನ ನೋಡ್ತೀರಿ?"

"ನಮ್ಮವರು ತಿರುವಿನಾಗ ಮರೆ ಆಗೋತನಕ ನೋಡ್ತೀವಿ. ಆಮೇಲೆ ಒಳಗ ಹೋಗ್ತೀವಿ."

"ಅಷ್ಟು ಮಂದಿಯೊಳಗ ಯಾರು ನಿಮ್ಮವರು ಅಂತ ಗೊತ್ತಾಗ್ತದ? ಎಲ್ಲಾ ಬೆನ್ನು."

ಎಂಥ ಪ್ರಶ್ನೆ ಅನ್ನಿಸಿತು ನನಗೆ. "ಬೆನ್ನೇ ಗೊತ್ತಾಗೋದು, ತಮ್ಮಾ. ಮುಖಾನ ನಾವು ಎಷ್ಟ ನೋಡೇವಿ? ಮದುವ್ಯಾದಾಗ ತಲಿ ಬಗ್ಗಿಸಿದ್ವಿ, ಅತ್ತಿ ಮುಂದ ನೋಡಂಗಿಲ್ಲ, ಮಾವನ ಮುಂದ ನೋಡಂಗಿಲ್ಲ. ಬೆನ್ನು ಮಾತ್ರ ದಿನಾ ನೋಡೇವಿ. ಅಗೋ, ಆ ಬಲ ಹೆಗಲು ಕೆಳಗ ಇಳದದಲ್ಲ, ಅದು ನೂಲಿನ ಗಂಟು ಹೊತ್ತು ಹೊತ್ತು. ಮೂಲಿಮನಿಯಾಕಿ ಗಂಡ. ಈ ಕಡಿಯವ ಕುತ್ತಿಗಿ ಬಿಗಿ ಹಿಡದು ನಡೀತಾನ, ರಾಟಿ ಖಾತೆದಾಗ ತಲಿಮ್ಯಾಲ ಪಟ್ಟಾ ತಿರಗ್ತಾವಂತ ಅಂಜಿಕಿ. ಅಂಗಿ ಬೆನ್ನಿಗೆ ಎರಡು ಥ್ಯಾಪಿ ಹಾಕ್ಯಾರಲ್ಲ, ಅದು ಹೊಸಾ ಮದುವಿಯವ. ಆಕಿಗೆ ಹೊಲಿಯಾಕ ಬರಂಗಿಲ್ಲ ಪಾಪ."

ನೆರೆಮನೆಯಾಕೆ ಆಚೆಯಿಂದ ಕೂಗಿದಳು: "ನಿಮ್ಮವರು ಯಾರಂತ ಹೇಳಲೇ ಇಲ್ಲಲ್ಲ!"

ನಾನು ಸೆರಗು ಬಾಯಿಗೆ ಇಟ್ಟುಕೊಂಡೆ. ಮನೆಯವರು ತಿರುವಿನ ಹತ್ತಿರ ಹೋಗುತ್ತಿದ್ದರು.

ಚಿತ್ರಗಾರ ಎದ್ದು ನಿಂತ. ಕೊನೆಯವನು ಮರೆಯಾಗುವ ತನಕ ನೋಡಿದ. ಆಮೇಲೆ ಒಳಗೆ ಹೋಗಿ ಕೌದಿ ತೆಗೆದ. ಚಿತ್ರದ ಮುಂದೆ ಬಹಳ ಹೊತ್ತು ನಿಂತ. ಅವನ ಮುಖ ನೋಡಲು ನನಗೇ ಸಂಕಟವಾಯಿತು. ಹೈದರಾಬಾದಿನಿಂದ ಬಂದ ದಿನವೇ ಅವನು ಹೇಳಿದ್ದ, ರಾಜರ ಮುಖ ಬರೆದವರು ಸಾವಿರ ಮಂದಿ, ಮಜೂರರ ಮುಖ ಬರೆಯುವುದೇ ನನ್ನ ಕೆಲಸ ಎಂದು. ಆ ಕೆಲಸವನ್ನು ಅವನು ಇಲ್ಲಿ ಬಿಡಬೇಕಾಗಿತ್ತು.

"ಅಕ್ಕಾ, ಹಳೆ ಬಟ್ಟಿ ಕೊಡ್ರಿ. ಮತ್ತ ಟರ್ಪಿನ್ ಶೀಸೆ."

"ಅಳಸ್ತೀರೇನು?"

"ತಿರುಗಿಸ್ತೀನಿ. ಇಡೀ ಜುಲೂಸ್ ತಿರುಗಿಸ್ತೀನಿ. ನೋಡವರು ಎದುರಿಗೆ ನಿಂತು ನೋಡೋದು ಬ್ಯಾಡ. ಎಲ್ಲಾರಕಿಂತ ಹಿಂದ ನಿಂತು, ಇವರ ಸಂಗಾತ ನಡಕೊಂತ ನೋಡ್ಲಿ."

ರಾತ್ರಿ ಪಾಳಿ ಮುಗಿಸಿ ಬಂದ ಮನೆಯವರಿಗೆ ಹೇಳಿದಾಗ ಅವರು ಮೊದಲು ಒಪ್ಪಲಿಲ್ಲ. "ಬೆನ್ನು ತೋರಸೋದು ಓಡಿ ಹೋಗೋರ ಲಕ್ಷಣ," ಅಂದರು. "ಮುಂದ ಹೋಗೋರದೂ ಬೆನ್ನೇ ಕಾಣ್ತದ, ಭಾಯಿ," ಅಂದ ಚಿತ್ರಗಾರ. ಮನೆಯವರು ಎದ್ದು ದೀಪ ತಂದು ಚಿತ್ರದ ಮುಂದೆ ಹಿಡಿದರು. ಅಂದರೆ ಒಪ್ಪಿದ ಹಾಗೆ.

ಹಬ್ಬಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಬಣ್ಣ ತೆಳ್ಳಗೆ, ಇನ್ನೂ ಹಸಿಯಾಗಿದ್ದುದರಿಂದ ಟರ್ಪಿನ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿದರೆ ಮುಖಗಳು ಅಳಿಸಿ ಹೋದವು, ಕೆಳಗಿನ ಬಿಳಿ ಲೇಪ ಅಲುಗಲಿಲ್ಲ. ಅಷ್ಟು ಸಲ ತೊಳೆದು ಹಚ್ಚಿದ್ದು ಸಾರ್ಥಕವಾಯಿತು. ಮತ್ತೆ ಇದ್ದಲು ಹಿಡಿದ. ಈಗ ಅವನು ಗೆರೆ ಎಳೆಯುವುದಕ್ಕಿಂತ ಹೆಚ್ಚಾಗಿ ಹೊಸ್ತಿಲಲ್ಲಿ ಕೂತ. ಭೋಂಗಾ ಕೂಗಿದಾಗಲೆಲ್ಲ ಓಡಿ ಬಂದು ಕೂರುವುದು, ಮಂದಿ ಹೋದ ಮೇಲೆ ಒಳಗೆ ಹೋಗಿ ಬರೆಯುವುದು. ಹೆಂಗಸರು ಈಗ ನೆಪ ಇಲ್ಲದೆ ಬಂದರು. ಒಬ್ಬಳು ತನ್ನ ಗಂಡನ ಕುತ್ತಿಗೆಯ ಹಿಂದಿನ ಸುಟ್ಟ ಕಲೆ ಎಲ್ಲಿದೆ ಎಂದು ತನ್ನ ಕುತ್ತಿಗೆ ಮುಟ್ಟಿ ತೋರಿಸಿದಳು. ಒಬ್ಬಳು ಧೋತರದ ಕಚ್ಚೆ ಯಾವ ಕಡೆ ಸಿಗಿಸುತ್ತಾನೆಂದು ಜಗಳ ಮಾಡಿ ತಿದ್ದಿಸಿದಳು. ಕಿವಿಯ ಹಿಂದೆ ಸಿಕ್ಕಿಕೊಂಡ ಹತ್ತಿಯ ಎಳೆಯನ್ನು ಬಿಳಿ ಬಣ್ಣದಲ್ಲಿ ಅವನು ಚುಕ್ಕೆ ಚುಕ್ಕೆಯಾಗಿ ಇಟ್ಟಾಗ ಎಲ್ಲರೂ ಹೋ ಎಂದು ನಕ್ಕರು.

ನೆರೆಮನೆಯಾಕೆ ಮಾತ್ರ ದೂರ ನಿಂತಿದ್ದಳು. "ನಾನೂ ನಡದೀನಿ ಮೆರವಣಿಗ್ಯಾಗ. ನನ್ನ ಬೆನ್ನು ನೋಡವರು ಯಾರವ್ವ?" ಅಂದಳು.

"ನಿನ್ನ ಬೆನ್ನ ಹಿಂದ ನಾ ದಿನಾ ನಳದ ಸಾಲಿನಾಗ ನಿಂದ್ರತೀನಿ. ನನಗ ಗೊತ್ತಿಲ್ಲೇನು?" ಎಂದು ನಾನೇ ಹೇಳಿ ಬರೆಸಿದೆ. ತುರುಬು ಬಿಗಿ, ಸೆರಗು ಸೊಂಟಕ್ಕೆ ಸಿಗಿಸಿದ್ದು, ಎಡಗೈ ಟೊಂಕದ ಮೇಲೆ. ಆಕೆ ನೋಡಿ, "ಇಷ್ಟ ದಪ್ಪ ಇದ್ದೀನೇನು?" ಎಂದು ಬೈದು, ಮನೆಗೆ ಹೋಗಿ ಒಂದು ಬಟ್ಟಲು ಸಜ್ಜಕ ಮಾಡಿ ತಂದು ಚಿತ್ರಗಾರನಿಗೆ ಕೊಟ್ಟಳು.

ಅಗಸೆ ಎಣ್ಣೆಯ ಬಣ್ಣ ಬೇರೆ ಊರಲ್ಲಾದರೆ ವಾರಗಟ್ಟಲೆ ಹಸಿ ಇರುತ್ತದಂತೆ. ನಮ್ಮ ಬಿಸಿಲಿಗೆ ಬೇಗ ಬಿಗಿಯಿತು. ಆ ವರ್ಷ ಬಿಸಿಲಿಗೆ ಬೈಯುವುದನ್ನು ಬಿಟ್ಟೆ.

ಹಬ್ಬದ ಹಿಂದಿನ ದಿನ, ಚಿತ್ರದ ಸುದ್ದಿ ಕೇಳಿ, ಪೊಲೀಸ್ ಫೌಜದಾರ ಬಂದ. ಅವನ ಜೊತೆ ಒಬ್ಬ ಜವಾನ. ಗಂಡಸರು ಪಾಳಿಯಲ್ಲಿದ್ದರು, ಅಂಗಳದಲ್ಲಿ ಚಿತ್ರಗಾರ, ನಾನು, ಚಿತ್ರ ನೋಡಲು ಬಂದ ಓಣಿಯ ಹೆಂಗಸರು. ಹೊಸಾ ಮದುವೆಯ ಹುಡುಗಿಯೂ ಅವತ್ತೇ ಮೊದಲ ಸಲ ಬಂದಿದ್ದಳು. ಫೌಜದಾರನಿಗೆ ನೀರು ಕೊಟ್ಟೆ. ಮನೆಗೆ ಬಂದವನಿಗೆ ನೀರು ಕೊಡದಿರಲು ಬರುವುದಿಲ್ಲ.

ಅವನು ಕುಡಿದು, ಮೀಸೆ ಒರೆಸಿಕೊಂಡು, ಚಿತ್ರದ ಹತ್ತಿರ ಹೋದ. ಬೆತ್ತದ ತುದಿಯಿಂದ ಸಾಲು ಸಾಲು ನೋಡಿದ. ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ.

"ಯಾರೂ ಈ ಕಡೆ ನೋಡೋದೇ ಇಲ್ಲಲ್ಲ?"

"ಮುಂದ ನಡದಾರ ಸಾಹೇಬ್," ಅಂದ ಚಿತ್ರಗಾರ.

"ಯಾರು ಯಾರು ಇದ್ದಾರ ಇದರಾಗ?"

"ಮಜೂರರು ಸಾಹೇಬ್."

ಅಷ್ಟರಲ್ಲಿ ಆ ಹೊಸಾ ಹುಡುಗಿ, ಪಾಪ, ಅಲ್ಲಿಯ ತನಕ ನನ್ನ ಹಿಂದೆ ನಿಂತಿದ್ದವಳು ಇಣುಕಿ ನೋಡಿ, ಎರಡು ಥ್ಯಾಪಿಯ ಅಂಗಿ ಕಂಡು, ತಡೆಯಲಾರದೆ "ಅಯ್ಯ, ನಮ್ಮನಿಯವ್ರು!" ಅಂದುಬಿಟ್ಟಳು.

ಫೌಜದಾರ ತಿರುಗಿದ.

"ಹಾಂ! ಯಾರವ್ವ ನಿಮ್ಮನಿಯವ್ರು? ಹೆಸರೇನು ಹೇಳು."

ಹುಡುಗಿ ಸೆರಗು ಕಚ್ಚಿಕೊಂಡು ನೆಲ ನೋಡಿದಳು.

"ಹೇಳು, ಅಂಜಬ್ಯಾಡ. ಹೆಸರು."

"ಹೇಳಂಗಿಲ್ರಿ."

"ಯಾಕ ಹೇಳಂಗಿಲ್ಲ? ಯಾರು ಹೇಳಬ್ಯಾಡ ಅಂದಾರ?"

"ಗಂಡನ ಹೆಸರು ಹ್ಯಾಂಗ ಹೇಳ್ಬೇಕ್ರಿ ಸಾಹೇಬ್ರ?" ಹುಡುಗಿ ಅಳುವುದಕ್ಕೇ ಬಂದಳು. "ಆಯುಷ್ಯ ಕಮ್ಮಿ ಆಗ್ತದಂತ."

ಫೌಜದಾರ ನಮ್ಮ ಕಡೆ ನೋಡಿದ. ಆಕೆ ಹೇಳದಿದ್ದರೇನು, ಬೇರೆಯವರು ಹೇಳಬಹುದಲ್ಲ. ಕೇಳಿದರೆ ನಾನು ಸುಳ್ಳು ಹೇಳಬೇಕಾಗುತ್ತಿತ್ತು, ಸುಳ್ಳು ನನಗೆ ಬರುತ್ತಿರಲಿಲ್ಲ. ನೆರೆಮನೆಯಾಕೆ ಟೊಂಕಕ್ಕೆ ಕೈಯಿಟ್ಟು ಮುಂದೆ ಬಂದಳು.

"ಆಕಿ ಮಾತೇನ ಕೇಳ್ತೀರಿ ಸಾಹೇಬ್ರ, ನಿನ್ನೆ ಮೊನ್ನೆ ಬಂದಾಕಿ. ಅದು ನನ್ನ ತಮ್ಮ."

"ನಿನ್ನ ತಮ್ಮಗ ಅಷ್ಟ ಅಗಲ ಹೆಗಲು ಎಲ್ಲಿಂದ ಬಂದ್ವು?" ಮೂಲೆಮನೆಯಾಕೆ ಬಾಯಿ ಹಾಕಿದಳು. "ಅದು ನಮ್ಮವರು. ಆ ಥ್ಯಾಪಿ ನನ್ನ ಕೈಲೆ ಹಾಕೀನಿ."

"ಹೌದೌದು, ಹಂಗ ಸೊಟ್ಟ ಹೊಲಿಯೋದು ನೀನೇ!" ಅಂದಳು ನೆರೆಮನೆಯಾಕೆ.

"ಸೊಟ್ಟ ಅನ್ನಾಕ ನಿನ್ನ ಕಣ್ಣು ನೆಟ್ಟಗ ಅವೇನು?"

ಒಂದೇ ಬೆನ್ನಿಗೆ ಮೂವರು. ಅದರಲ್ಲಿ ಬೇಕೆಂದೇ ಅಂದವರೆಷ್ಟು, ಹುಮ್ಮಸ್ಸಿಗೆ ಅಂದವರೆಷ್ಟು ಎಂದು ಇವತ್ತಿಗೂ ನನಗೆ ಗೊತ್ತಿಲ್ಲ. ಆ ಇಬ್ಬರು ಆಮೇಲೆ ಒಂದು ತಿಂಗಳು ನಿಜವಾಗಿಯೇ ಮಾತು ಬಿಟ್ಟಿದ್ದರು. ಹುಡುಗಿಗೂ ರೋಷ ಬಂದು, ಕಣ್ಣೀರು ಒರೆಸಿಕೊಂಡು "ಇಲ್ರಿ, ನಮ್ಮವರೇ!" ಎಂದು ನೆಲಕ್ಕೆ ಕಾಲು ಅಪ್ಪಳಿಸಿದಳು. ಜವಾನ ಬಾಯಿಗೆ ಕೈಯಿಟ್ಟು ನಗತೊಡಗಿದ. ಫೌಜದಾರನೂ ಎಷ್ಟು ಹೊತ್ತು ತಡೆದಾನು?

"ಬೆನ್ನು ತಗೊಂಡು ನಾ ಏನ ಮಾಡ್ಲಿ? ಬೆನ್ನಿಗೆ ವಾರಂಟ್ ಬರೀಲೇನು?" ಎಂದು ಟೊಪ್ಪಿಗೆ ಹಾಕಿಕೊಂಡ. ಹೋಗುವಾಗ ಚಿತ್ರಗಾರನಿಗೆ, "ಮುಂದಿನ ಸಲ ಮುಖ ಬರೀ, ನಿನ್ನ ಕೈ ಚಲೋ ಅದ," ಎಂದು ಹೇಳಿ ಹೋದ.

ಅವನು ಓಣಿ ದಾಟಿದ ಮೇಲೆ ನಾನು ನೇರ ದೇವರ ಕೋಣೆಗೆ ಹೋಗಿ ಕೂತೆ. ಕೈ ಮುಗಿಯಬೇಕೆಂದರೆ ನಗು ಬರುತ್ತಿತ್ತು, ನಗಬೇಕೆಂದರೆ ಅಳು. ಮುಗಿದ ಕೈ ಬಿಚ್ಚದೆ ಎರಡನ್ನೂ ಮಾಡಿದೆ.

ಮಜೂರರ ಹಬ್ಬದ ದಿನ ಚಿತ್ರ ಬಂಡಿ ಏರಿತು. ಹಿಂದೆ ಬಂದವರೆಲ್ಲ ಅದರೊಳಗಿನ ಮೆರವಣಿಗೆಯ ಮುಂದಿನ ಸಾಲಾಗಿಯೋ ಹಿಂದಿನ ಸಾಲಾಗಿಯೋ, ಯಾವುದೆಂದು ಹೇಳಲಾರೆ, ಕೂಡಿಕೊಂಡು ನಡೆದರು. ನಾನು ಗಂಜ್ ಬಜಾರದ ಕಡೆಯ ಕಟ್ಟೆಯ ಮೇಲೆ ಹೆಂಗಸರೊಡನೆ ನಿಂತಿದ್ದೆ. ಹೋದವರೆಲ್ಲ ತಿರುಗಿ ಬಂದರು. ಒಬ್ಬರೂ ಕಡಿಮೆಯಾಗಲಿಲ್ಲ. ದೇವರು ದೊಡ್ಡವನು.

ಸಂಜೆ ಚಿತ್ರವನ್ನು ಸಂಘದ ಕೋಣೆಯ ಗೋಡೆಗೆ ಹಾಕಿದರು. ಚಿತ್ರಗಾರ ಆಗಲೇ ಸ್ಟೇಶನ್ನಿಗೆ ಹೊರಟಿದ್ದ. ಕಟ್ಟಿಕೊಟ್ಟ ರೊಟ್ಟಿ ತೆಗೆದುಕೊಂಡು, "ಅಕ್ಕಾ, ಮುಖ ಬರಿಯೋದು ಬಿಡಂಗಿಲ್ಲ ನಾ. ಖರೆ, ಇದು ನನ್ನ ಚಲೋ ಚಿತ್ರ," ಅಂದ. ನಾನು ಅವನ ಪಾಲಿನ ಪತ್ರಿ ನಿಲ್ಲಿಸುವುದಿಲ್ಲ ಅಂದೆ.

ಆಮೇಲೆ ಕೋಣೆಯಲ್ಲಿ ಆದದ್ದನ್ನು ಯಾರೂ ನೆನೆಸಿರಲಿಲ್ಲ. ಗಂಡಸರು ಚಿತ್ರದ ಮುಂದೆ ನಿಂತು ಹುಡುಕತೊಡಗಿದರು. ಬಗ್ಗಿ ನೋಡಿದರು, ಹಿಂದೆ ಸರಿದು ನೋಡಿದರು. ಪಕ್ಕದವನನ್ನು ಗುರುತು ಹಿಡಿದು ಬೆರಳು ಮಾಡಿ ನಕ್ಕರು. ತಾನು ಎಲ್ಲಿದ್ದೇನೆಂದು ಒಬ್ಬನಿಗೂ ತಿಳಿಯಲಿಲ್ಲ. ತನ್ನ ಬೆನ್ನನ್ನು ತಾನು ಕಂಡವರು ಯಾರು? ಕೊನೆಗೆ ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ಹೆಂಡತಿಯನ್ನು ಕರೆದರು.

ಮನೆಯವರೂ ಕರೆದರು. ಹೋಗಿ ಅವರ ಪಕ್ಕದಲ್ಲಿ ನಿಂತೆ.

"ನಾ ಇದರಾಗ ಎಲ್ಲಿದ್ದೀನಿ?"

ಮೂರನೆಯ ಸಾಲಿನಲ್ಲಿ, ಬಾವುಟದ ಕೋಲು ಹಿಡಿದವನ ಎಡಕ್ಕೆ ತೋರಿಸಿದೆ. ಅವರು ಹತ್ತಿರ ಸರಿದು ನೋಡಿದರು. ಚಿತ್ರದೊಳಗೆ ಬೆನ್ನು ಬಾಗಿ, ಅಂಗಿ ಹೆಗಲಿನಿಂದ ಜಾರುವಂತಿತ್ತು. ಒಂದು ಭುಜ ಇನ್ನೊಂದನ್ನು ಕಾಯುತ್ತಿರುವಂತೆ ಮೇಲೆದ್ದಿತ್ತು.

"ಇಷ್ಟು ಬಾಗೀನೇನು?"

"ಹೂಂ."

"ನೀ ಎಂದೂ ಹೇಳ್ಲಿಲ್ಲಲ್ಲ."

"ಹೋಗೋವಾಗ ನೀವು ಎಂದಾದ್ರೂ ತಿರುಗಿ ನೋಡೀರೇನು, ಹೇಳಾಕ?"

ಅವರು ನನ್ನ ಕಡೆ ತಿರುಗಿದರು. ಏನೋ ಹೇಳುವವರಿದ್ದರು. ಅಷ್ಟರಲ್ಲಿ ಹಿಂದಿನಿಂದ ಹೊಸಾ ಮದುವೆಯ ಹುಡುಗಿ, "ಸರೀರಿ ಅಕ್ಕಾ, ಜಾಗ ಬಿಡ್ರಿ," ಎಂದು ಗಂಡನ ತೋಳು ಹಿಡಿದು ಎಳೆದುಕೊಂಡು ಬಂದಳು. ನಾವಿಬ್ಬರೂ ಬದಿಗೆ ಸರಿದು ನಿಂತೆವು.